ಬಲಕ್ಕೆ ಬಂದ ಸ್ಟೇರಿಂಗ್

ಕಾರು ಲಾರಿಯಿಂದ ಇಳಿಯುವ ಮೊದಲೇ ನನಗೆ ಅದರ ಧಣಿಯ ಮೇಲೆ ಸಿಟ್ಟು ಬಂದಿತ್ತು. ಕಾಸರಗೋಡು ಜಿಲ್ಲೆಯ ಬಂದ್ಯೋಡಿನಲ್ಲಿ ಹೆದ್ದಾರಿಯ ಬದಿಗೆ ನನ್ನ ಶೆಡ್ಡು. ಸ್ಟೇರಿಂಗು, ಮುಂದಿನ ಆಕ್ಸೆಲ್ಲು, ಬ್ರೇಕು, ಇಷ್ಟೇ ನನ್ನ ಕೆಲಸ. 2012ರ ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಟಾರ್ಪಾಲು ಹೊದೆಸಿದ ಕಾರನ್ನು ಹೊತ್ತ ಲಾರಿ ಬಂದು ನಿಂತಿತು. ಅದರ ಹಿಂದೆ ಇನ್ನೊಂದು ಕಾರಿನಲ್ಲಿ, ಓಡಿಸುವವನ ಪಕ್ಕದಲ್ಲಿ ಕೂತು, ಬಿಳಿ ಶೂ ಹಾಕಿದ ಒಬ್ಬರು ಬಂದರು. ಇಳಿದವರು ಶೆಡ್ಡಿನ ನೆಲ ನೋಡಿದರು, ಮಾಡು ನೋಡಿದರು, ಕೊನೆಗೆ ನನ್ನನ್ನು ನೋಡಿ, "ಇಲ್ಲಿ ಮೇಸ್ತ್ರಿ ಯಾರು?" ಎಂದು ಕೇಳಿದರು. ಶೆಡ್ಡಿನಲ್ಲಿ ಆಗ ನಾನೊಬ್ಬನೇ ಇದ್ದೆ.

ಅವರು ಪುತ್ತಿಗೆಯ ಕಡೆಯವರು. ಇಪ್ಪತ್ತೈದು ವರ್ಷ ಗಲ್ಫಿನಲ್ಲಿ ವ್ಯಾಪಾರ ಮಾಡಿ ಊರಿಗೆ ಮರಳಿದ್ದರು. ಕಾರು ಜರ್ಮನಿಯದು, ಎಂಬತ್ತರ ದಶಕದ್ದು, ಎರಡೇ ಬಾಗಿಲು. ಚಕ್ರಗಳ ಮೇಲಿನ ತಗಡು ಹೊರಗೆ ಉಬ್ಬಿಕೊಂಡಿತ್ತು, ಡಿಕ್ಕಿಯ ಮೇಲೊಂದು ರೆಕ್ಕೆ. ನಾಲ್ಕೇ ಸಿಲಿಂಡರಿನ ಎಂಜಿನ್ನು, ಆದರೆ ಸ್ಟಾರ್ಟ್ ಮಾಡಿದಾಗ ಶೆಡ್ಡಿನ ತಗಡು ನಡುಗಿತು. ಬಹಳ ಹಿಂದೆ ಯಾವುದೋ ದೂತಾವಾಸದ ಅಧಿಕಾರಿ ತಂದು ಮುಂಬಯಿಯಲ್ಲಿ ಮಾರಿ ಹೋದ ಕಾರಂತೆ. ಕಾಗದಪತ್ರ ಸರಿಯಿತ್ತು. ಆದರೆ ಸ್ಟೇರಿಂಗು ಎಡಗಡೆ. ಕೇರಳದ ನಂಬರು ಬೇಕಿದ್ದರೆ ಸ್ಟೇರಿಂಗು ಬಲಕ್ಕೆ ಬರಬೇಕು, ಬಂದ ಮೇಲೆ ಪರೀಕ್ಷೆಗೆ ತಂದು ತೋರಿಸಬೇಕು ಎಂದು ಆರ್‌ಟಿಒ ಕಚೇರಿಯವರು ಬರೆದುಕೊಟ್ಟಿದ್ದರು.

ನಾನು ಬಾನೆಟ್ ಎತ್ತಿ ನೋಡಿದೆ. ಎಂಜಿನ್ನು ಬಲಕ್ಕೆ ವಾಲಿಕೊಂಡಿತ್ತು. ಹೊಗೆಯ ನಾಲ್ಕು ಕೊಳವೆಗಳೂ ಬಲಬದಿಯಿಂದಲೇ ಇಳಿಯುತ್ತಿದ್ದವು. ಬಲಗಡೆ ಸ್ಟೇರಿಂಗು ಇಟ್ಟರೆ ಅದರ ದಂಡ ಇಳಿಯಬೇಕಾದ ಜಾಗವೂ ಅದೇ. ಇದೇ ಮೈಯ ಸಾದಾ ಕಾರನ್ನು ಕಂಪೆನಿಯವರು ಇಂಗ್ಲೆಂಡಿನವರಿಗೆಂದು ಬಲಗಡೆ ಸ್ಟೇರಿಂಗಿನಲ್ಲಿ ಮಾಡಿ ಕಳಿಸಿದ್ದರು. ಈ ಓಟದ ಕಾರನ್ನು ಮಾತ್ರ ಹಾಗೆ ಮಾಡಲೇ ಇಲ್ಲ.

"ಇದು ಕಂಪೆನಿಯವರೇ ಕೈಬಿಟ್ಟ ಕೆಲಸ. ಗೊತ್ತುಂಟಾ ನಿನಗೆ?" ಎಂದರು ಧಣಿ.

"ಬಾನೆಟ್ ತೆಗೆದ ಕೂಡ್ಲೆ ಗೊತ್ತಾಯ್ತು. ನಿಮಗೆ ಗೊತ್ತಾಗ್ಲಿಕ್ಕೆ ಎಷ್ಟು ದಿನ ಬೇಕಾಯ್ತು?"

ಅವರ ಮುಖ ಕೆಂಪಾಯಿತು. ಹೊರದೇಶದ ಸಣ್ಣ ಗ್ಯಾರೇಜುಗಳಲ್ಲಿ ಇಂಥ ಕಾರನ್ನು ಬಲಕ್ಕೆ ಮಾಡಿದ ಚಿತ್ರಗಳನ್ನು ಕಂಪ್ಯೂಟರಿನಿಂದ ತೆಗೆಸಿ ತಂದಿದ್ದರು. ಅವನ್ನು ನನ್ನ ಮೇಜಿನ ಮೇಲೆ ಎಸೆದು, "ಮಂಗಳೂರಿನಲ್ಲಿ ಮೂರು ಜನ ಆಗುದಿಲ್ಲ ಹೇಳಿದ್ದಾರೆ. ನೀನೂ ಹೇಳು, ಹೋಗ್ತೇನೆ" ಎಂದರು. ಆಗುವುದಿಲ್ಲ ಎಂದು ಹೇಳಬೇಕೆಂದೇ ನಾನು ಬಾಯಿ ತೆರೆದದ್ದು. ಆದರೆ ಅವರ ಆ ನಿಲುವು ಕಂಡು "ಬಿಟ್ಟು ಹೋಗಿ" ಎಂದುಬಿಟ್ಟೆ. ಹಟಕ್ಕೆ ಬಿದ್ದು ಒಪ್ಪಿಕೊಂಡ ಕೆಲಸ ಅದು.

ನನ್ನ ಜೊತೆಗೆ ಆ ಕೆಲಸಕ್ಕೆ ಇದ್ದವರು ಪೈವಳಿಕೆಯ ವೆಲ್ಡರ್ ಒಬ್ಬರು. ಕೊಂಕಣಿ ಮಾತಾಡುವ ಕ್ರಿಸ್ತರು, ನನಗಿಂತ ಹನ್ನೆರಡು ವರ್ಷ ಹಿರಿಯರು. ನಮ್ಮಲ್ಲಿ ಕ್ರಿಸ್ತರನ್ನು ಕರೆಯುವ ಹಾಗೆ ಎಲ್ಲರೂ ಅವರನ್ನು ಪೊರ್ಬು ಎನ್ನುತ್ತಿದ್ದರು. ನಾವಿಬ್ಬರೂ ಶಾರ್ಜಾದ ಒಂದೇ ಗ್ಯಾರೇಜಿನಲ್ಲಿ ದುಡಿದವರು. ಸುತ್ತಲಿನ ಊರುಗಳ ಶಾಲಾ ವ್ಯಾನುಗಳ ಚಾಸಿ ಬಿರುಕು ಬಿಟ್ಟರೆ ಬೆಸೆಯುವುದಕ್ಕೆ ಪೊರ್ಬುವೇ ಆಗಬೇಕು. ಮಕ್ಕಳು ಕೂರುವ ಗಾಡಿಯನ್ನು ಬೇರೆಯವರ ಕೈಗೆ ಕೊಡಲು ಜನ ಹೆದರುತ್ತಿದ್ದರು. ಅವರಿಗೆ ಕಾರು ಓಡಿಸಲು ಬರುತ್ತಿರಲಿಲ್ಲ, ಕಲಿಯುವ ಮನಸ್ಸೂ ಇರಲಿಲ್ಲ.

ಮೊದಲು ಡ್ಯಾಶ್‌ಬೋರ್ಡು ಬಿಚ್ಚಿದೆವು. ಪ್ರತಿ ವಯರಿಗೂ ಚೀಟಿ ಕಟ್ಟಿದೆ. ಎಂಜಿನ್ನಿಗೂ ನಮ್ಮ ಕಾಲಿಗೂ ನಡುವೆ ಇರುವ ತಗಡಿನ ಗೋಡೆಯಲ್ಲಿ ಎಡದ ತೂತು ಮುಚ್ಚಿ, ಬಲಕ್ಕೆ ಹೊಸ ತೂತು ಕೊರೆಯಬೇಕಿತ್ತು. ಸಾದಾ ಕಾರಿನ ಬಲಗಡೆಯ ಸ್ಟೇರಿಂಗ್ ರ್‍ಯಾಕು, ಡ್ಯಾಶ್‌ಬೋರ್ಡು, ವೈಪರಿನ ಸಾಮಾನು ಇವನ್ನೆಲ್ಲ ಧಣಿ ಇಂಗ್ಲೆಂಡಿನಿಂದ ತರಿಸಿದರು. ಹೊಗೆಯ ಕೊಳವೆಗಳನ್ನು ಪೊರ್ಬು ಕತ್ತರಿಸಿ, ಎರಡು ಬೆರಳು ಒಳಕ್ಕೆ ಸರಿಸಿ, ಹೊಸ ಬಾಗು ಕೊಟ್ಟು ಬೆಸೆದರು. ಆ ಬೆಸುಗೆಯ ಮೇಲೆ ಬೆರಳಾಡಿಸಿದರೆ ಎಲ್ಲಿ ಕೂಡಿಸಿದ್ದು ಎಂದು ತಿಳಿಯುತ್ತಿರಲಿಲ್ಲ. ಕೊಳವೆಗೂ ಸ್ಟೇರಿಂಗಿನ ದಂಡಕ್ಕೂ ನಡುವೆ ಎರಡು ಪದರದ ತಗಡು ಕೊಟ್ಟು ಬಿಸಿ ತಾಗದ ಹಾಗೆ ಮಾಡಿದೆವು.

ದಂಡ ನೇರವಾಗಿ ಇಳಿಯಲು ಜಾಗ ಇರಲಿಲ್ಲ. ಮೂರು ಕಡೆ ಮಡಚುವ ಕೀಲು ಕೊಟ್ಟೆ. ಮೊದಲ ಸಲ ಜೋಡಿಸಿದಾಗ ಸ್ಟೇರಿಂಗು ಅರ್ಧ ಸುತ್ತು ಬೆಣ್ಣೆಯ ಹಾಗೆ, ಇನ್ನರ್ಧ ಸುತ್ತು ಬಾವಿಯ ಗಡಗಡೆಯ ಹಾಗೆ. ಕೀಲುಗಳನ್ನು ಒಂದಕ್ಕೊಂದು ತಪ್ಪಾದ ಕೋನದಲ್ಲಿ ಕೂರಿಸಿದ್ದೆ. ಧಣಿ ದಿನವೂ ಬಂದು ಬಾಗಿಲಲ್ಲಿ ಕುರ್ಚಿ ಹಾಕಿ ಕೂರುತ್ತಿದ್ದರು. ಅಂದು ಅವರೇ ತಿರುಗಿಸಿ ನೋಡಿ, "ಇದನ್ನು ಕಾರು ಹೇಳುದಾ, ಕಬ್ಬಿನ ಗಾಣ ಹೇಳುದಾ?" ಎಂದು ಚಹಾದ ಅಂಗಡಿಯವರೆಗೂ ಕೇಳುವ ಹಾಗೆ ಹೇಳಿದರು. ನಾಲ್ಕು ದಿನ ಕೀಲುಗಳನ್ನು ಒಂದೊಂದು ಹಲ್ಲು ತಿರುಗಿಸಿ ನೋಡಿ ಸರಿ ಮಾಡಿದೆ. ಆ ನಾಲ್ಕು ದಿನವೂ ಅವರು ಕುರ್ಚಿ ಬಿಟ್ಟು ಏಳಲಿಲ್ಲ. ನನಗೆ ಆ ಕುರ್ಚಿಯನ್ನೇ ಗ್ಯಾಸ್ ಕಟ್ಟರಿನಲ್ಲಿ ಕತ್ತರಿಸಿಬಿಡುವಷ್ಟು ಕೋಪ ಬರುತ್ತಿತ್ತು.

ಕೊನೆಗೆ ಉಳಿದದ್ದು ಬ್ರೇಕು. ಬ್ರೇಕಿಗೆ ಬಲ ಕೊಡುವ ದೊಡ್ಡ ಡಬ್ಬಿ, ನಾವು ಬೂಸ್ಟರ್ ಎನ್ನುವುದು, ಎಂಜಿನ್ನಿನ ಎಡಬದಿಗಿತ್ತು. ಬಲಕ್ಕೆ ತರಲು ಹೊಗೆಯ ಕೊಳವೆಗಳು ಬಿಡವು. ಬೂಸ್ಟರ್ ಎಡದಲ್ಲೇ ಇರಲಿ, ಬ್ರೇಕ್ ಪೆಡಲು ಬಲಕ್ಕೆ ಬರಲಿ, ಎರಡಕ್ಕೂ ನಡುವೆ ಡ್ಯಾಶ್‌ಬೋರ್ಡಿನ ಅಡಿಯಲ್ಲಿ ಅಡ್ಡಕ್ಕೆ ಒಂದು ದಪ್ಪ ಸರಳು ಹಾಯಿಸುವ ಎಂದು ತೀರ್ಮಾನಿಸಿದೆವು. ಬಲಗಡೆ ಪೆಡಲು ಒತ್ತಿದರೆ ಸರಳು ತಿರುಗುತ್ತದೆ, ಎಡದ ತುದಿಯಲ್ಲಿ ಅದು ಬೂಸ್ಟರನ್ನು ತಳ್ಳುತ್ತದೆ. ಸರಳು ಒಂದು ಕೂದಲೆಳೆ ಬಳುಕಿದರೂ ಬ್ರೇಕು ಮೆತ್ತಗಾಗುತ್ತದೆ. ಪೊರ್ಬು ಒಳ್ಳೆಯ ದಪ್ಪ ಕೊಳವೆ ಆರಿಸಿ, ಒಳಗೆ ಇನ್ನೊಂದು ಕೊಳವೆ ತೂರಿಸಿ ಬೆಸೆದರು. ಸರಳು ಕೂತು ತಿರುಗುವ ಹಿತ್ತಾಳೆಯ ಬಳೆಗಳನ್ನು, ಬುಷ್ಷುಗಳನ್ನು, ಲೇತಿನಲ್ಲಿ ನಾನೇ ಕಡೆದೆ.

ಎಡದ ತುದಿಯಲ್ಲಿ ಹಳೆಯ ಬ್ರೇಕ್ ಪೆಡಲು ಇನ್ನೂ ನೇತಾಡುತ್ತಿತ್ತು. ಕಂಪೆನಿಯ ಗಟ್ಟಿ ಸಾಮಾನು, ಬಿಸಾಡುವುದು ಯಾಕೆ? ಕಾಲಿಡುವ ಪಾದವನ್ನು ಮಾತ್ರ ಕತ್ತರಿಸಿ, ಉಳಿದ ಕೋಲನ್ನೇ ಬೂಸ್ಟರ್ ತಳ್ಳಲು ಬಳಸಿದೆವು. ಸರಳಿನ ಕೊಂಡಿಯನ್ನು ಅದಕ್ಕೆ ಎಲ್ಲಿ ಸಿಕ್ಕಿಸುವುದು ಎಂಬಲ್ಲಿ ನಮಗೆ ಮಾತು ಬೆಳೆಯಿತು.

"ಮೇಲೆ ಸಿಕ್ಕಿಸುವ. ಕೆಳಗಿನದ್ದನ್ನು ಕತ್ತರಿಸಿ ಬಿಸಾಡುವ. ಇಷ್ಟು ಉದ್ದ ಯಾಕೆ ಬೇಕು ಮಾರಾಯ?" ಎಂದರು ಪೊರ್ಬು.

"ಕೆಳಗೆ ಸಿಕ್ಕಿಸಿದ್ರೆ ಬ್ರೇಕು ಹಗುರ ಆಗ್ತದೆ. ಲೆಕ್ಕ ನನಗೆ ಬಿಡಿ."

"ಅದು ಅಲ್ಲಿ ನೇತಾಡಿಕೊಂಡಿದ್ರೆ ನೋಡ್ಲಿಕ್ಕೆ ಎಂತದೋ ಉಂಟು."

"ರಟ್ಟು ಹಾಕಿ ಮೇಲೆ ಕಾರ್ಪೆಟ್ ಹೊದೆಸಿದ್ರೆ ಯಾರಿಗೆ ಕಾಣ್ತದೆ?"

ಅವರು ಭುಜ ಹಾರಿಸಿ, ನಾನು ಸೀಮೆಸುಣ್ಣದಲ್ಲಿ ಗುರುತು ಹಾಕಿದ ಕಡೆಯಲ್ಲೇ ಬೆಸೆದರು. ಆ ಕೋಲನ್ನು ಕಂಡು ನನಗೆ ಏನೂ ಅನ್ನಿಸದಿದ್ದುದಕ್ಕೆ ಒಂದು ಕಾರಣವಿದೆ. ಶಾರ್ಜಾದಲ್ಲಿ ಹದಿನಾಲ್ಕು ವರ್ಷ ನಾನು ಬಿಚ್ಚಿ ಜೋಡಿಸಿದ ಪ್ರತಿ ಕಾರಿನಲ್ಲೂ ಎಡಗಡೆಯ ಕಾಲ್ಜಾಗದಲ್ಲಿ ಪೆಡಲು ಇತ್ತು. ಪೆಡಲಿನ ಕೋಲು ಅಲ್ಲಿರುವುದು ನನ್ನ ಕಣ್ಣಿಗೆ ಸಹಜವಾಗಿತ್ತು.

ನಾನೊಬ್ಬನೇ ಓಡಿಸಿ ನೋಡಿದೆ. ಉಪ್ಪಳದವರೆಗೆ ಹೋಗಿ ಬಂದೆ. ಸ್ಟೇರಿಂಗು ಕೈಯಲ್ಲಿ ಹಗುರ, ಬ್ರೇಕು ಬೆರಳಲ್ಲಿ ಒತ್ತಿದ ಹಾಗೆ. ಕಂಪೆನಿಯವರು ಕೈಬಿಟ್ಟದ್ದನ್ನು ಬಂದ್ಯೋಡಿನ ಶೆಡ್ಡಿನಲ್ಲಿ ಮಾಡಿದ್ದೇವೆ ಎಂದು ನನಗೆ ಸೊಕ್ಕು ಬಂದಿತ್ತು, ಸುಳ್ಳು ಯಾಕೆ ಹೇಳಲಿ.

ಮರುದಿನ ಧಣಿಯನ್ನು ಎಡಗಡೆ ಕೂರಿಸಿಕೊಂಡು ಹೊರಟೆ. ಮುಂದೆ ಹೋಗುತ್ತಿದ್ದ ಒಂದು ಬಸ್ಸು ಬ್ರೇಕು ಹಾಕಿತು. ನಾನಿನ್ನೂ ಕಾಲು ಎತ್ತಿರಲಿಲ್ಲ, ಕಾರು ತಾನಾಗಿ ಮೂಗು ನೆಲಕ್ಕೆ ಊರಿ ನಿಂತುಬಿಟ್ಟಿತು. ಹಿಂದಿದ್ದ ಮೀನಿನ ಲಾರಿ ಚೀರಿಕೊಂಡು ಪಕ್ಕಕ್ಕೆ ಹೊರಳಿತು. ಲಾರಿಯವನು ಇಳಿದು ಬಂದು ತುಳುವಿನಲ್ಲೂ ಮಲಯಾಳದಲ್ಲೂ ನನ್ನ ಮೂರು ತಲೆಮಾರನ್ನು ವಿಚಾರಿಸಿಕೊಂಡ.

"ಯಾಕೆ ಅಷ್ಟು ಬ್ರೇಕು ಹಾಕಿದ್ದು?" ಎಂದರು ಧಣಿ.

"ನಾನು ಹಾಕಲಿಲ್ಲ."

"ಮತ್ತೆ ಯಾರು, ನಾನಾ?"

ಇಬ್ಬರೂ ಆ ಮಾತನ್ನು ಅಲ್ಲಿಗೇ ಬಿಟ್ಟೆವು. ಪೈವಳಿಕೆಯ ಕಡೆಗೆ ತಿರುಗುವ ರಸ್ತೆಯಲ್ಲಿ ಒಂದು ಇಳಿಜಾರು ತಿರುವು. ಅಲ್ಲಿ ಎದುರಿನಿಂದ ಜೀಪು ಬಂದಾಗ ಮತ್ತೆ ಅದೇ ಕತೆ. ಈ ಸಲ ಹಿಂದಿನ ಚಕ್ರ ಜಾರಿತು, ಕಾರು ತಿರುಗಿ ಕೆಂಪು ಮುರಕಲ್ಲು ಕಟ್ಟಿದ ಚರಂಡಿಗೆ ಮೂತಿ ಹಾಕಿತು. ಒಂದು ಹೆಡ್‌ಲೈಟು ಪುಡಿಯಾಯಿತು. ನಮಗೆ ಪೆಟ್ಟಾಗಲಿಲ್ಲ. ಹಗ್ಗ ಕಟ್ಟಿ ಎಳೆಸಿಕೊಂಡು ಶೆಡ್ಡಿಗೆ ಬಂದೆವು.

ಶೆಡ್ಡಿನ ಮುಂದೆ ಚಹಾದ ಅಂಗಡಿಯಲ್ಲಿದ್ದ ಐದಾರು ಜನ ಸೇರಿದ್ದರು. ಶಾಲಾ ವ್ಯಾನಿನವನೊಬ್ಬ ತನ್ನ ಚಾಸಿಯ ಬಿರುಕು ಬೆಸೆಸಲು ಬಂದು ಕಾಯುತ್ತಿದ್ದ. ಧಣಿ ಎಲ್ಲರೆದುರು ಕೂಗಾಡಿದರು: "ಕಬ್ಬಿಣ ಎಲ್ಲೋ ಬಿಟ್ಟಿದೆ! ಸರಳು ಸಿಕ್ಕಿ ಹಾಕಿಕೊಳ್ತದೆ! ನನ್ನನ್ನು ಕೊಲ್ಲಲಿಕ್ಕೆ ಮಾಡಿದ್ದಾ ಇದು?"

ನನ್ನ ಲೆಕ್ಕ ತಪ್ಪಿರಲು ಸಾಧ್ಯವಿಲ್ಲ ಎಂದು ನನ್ನ ತಲೆ ಅದಾಗಲೇ ತೀರ್ಪು ಕೊಟ್ಟಿತ್ತು. ನಾನು ಪೊರ್ಬುವಿನ ಕಡೆ ತಿರುಗಿದೆ.

"ವೆಲ್ಡಿಂಗ್ ಬಿಟ್ಟಿದೆ ಪೊರ್ಬುಗಳೇ. ಸರಳು ವಾಲಿ ಬುಷ್ಷಿನಲ್ಲಿ ಕಚ್ಚಿಕೊಳ್ತಾ ಉಂಟು."

"ಬಿಚ್ಚು. ಹೊರಗೆ ತೆಗೆದು ನೇತುಹಾಕು, ಸುತ್ತಿಗೆಯಲ್ಲಿ ಹೊಡಿ, ಸದ್ದು ಕೇಳು. ಆಮೇಲೆ ಹೇಳು."

"ಕೇಳುದೆಂತ? ನಿಮ್ಮ ಕಣ್ಣು ಹೋಗಿದೆ. ಇನ್ನು ನಿಮಗೆ ಗೇಟು, ಕಿಟಕಿ ಗ್ರಿಲ್ಲು ಸಾಕು."

ವೆಲ್ಡರಿಗೆ ಇದಕ್ಕಿಂತ ಕೆಟ್ಟ ಬೈಗುಳ ಇಲ್ಲ. ಪೊರ್ಬು ಕಪ್ಪು ಕನ್ನಡಕವನ್ನು ಒರೆಸಿ ಜೇಬಿಗೆ ಹಾಕಿಕೊಂಡು, ಅಂಗಿ ಬದಲಾಯಿಸಿ, ಬಸ್ಸಿಗೆ ಹೋದರು. ವ್ಯಾನಿನವನು ಸ್ವಲ್ಪ ಹೊತ್ತು ಕೆಮ್ಮಿ, "ನಾನು ನಾಳೆ ಬರ್ತೇನೆ ಆಯ್ತಾ" ಎಂದು ವ್ಯಾನು ತಿರುಗಿಸಿದ. ಅವನು ಮರುದಿನ ಬರಲಿಲ್ಲ. ಇನ್ನೆರಡು ವ್ಯಾನಿನವರೂ ಪೊರ್ಬುವನ್ನು ಬಿಟ್ಟು ಕುಂಬಳೆಯ ಬೇರೊಬ್ಬ ವೆಲ್ಡರಿನ ಹತ್ತಿರ ಹೋದರೆಂದು ಚಹಾದ ಅಂಗಡಿಯವನು ಹೇಳಿದ.

ಸರಳನ್ನು ಬಿಚ್ಚಿದೆ. ಬೆಸುಗೆಗೆ ಸೀಮೆಎಣ್ಣೆ ಹಚ್ಚಿ, ಒರೆಸಿ, ಮೇಲೆ ಸುಣ್ಣದ ಪುಡಿ ಬಳಿದೆ. ಎಲ್ಲಾದರೂ ಕೂದಲಿನಷ್ಟು ಬಿರುಕಿದ್ದರೂ ಒಳಗಿಳಿದ ಎಣ್ಣೆ ಸುಣ್ಣದ ಮೇಲೆ ಗೆರೆಯಾಗಿ ಮೂಡುತ್ತದೆ. ಒಂದು ಗಂಟೆ ಕಾದೆ, ಸುಣ್ಣ ಬೆಳ್ಳಗೇ ಉಳಿಯಿತು. ನೇತುಹಾಕಿ ಸುತ್ತಿಗೆಯಲ್ಲಿ ಹೊಡೆದೆ. ಇಗರ್ಜಿಯ ಗಂಟೆಯ ಹಾಗೆ ಸದ್ದು ಬಂತು. ಬೆಸುಗೆಯಲ್ಲಿ ದೋಷ ಇಲ್ಲವೆಂದು ಎರಡನೆಯ ದಿನವೇ ನನಗೆ ಗೊತ್ತಾಗಿತ್ತು. ಆದರೂ ಪೊರ್ಬುವಿನ ಮನೆಗೆ ಹೋಗಲಿಲ್ಲ. ನಿಜವಾದ ದೋಷ ಸಿಗಲಿ, ಆಮೇಲೆ ಹೋದರಾಯಿತು ಎಂದು ನನಗೆ ನಾನೇ ಹೇಳಿಕೊಂಡೆ. ಅಷ್ಟು ದಿನವೂ ಅವರು ಕೆಲಸವಿಲ್ಲದೆ ಮನೆಯಲ್ಲಿ ಕೂತಿದ್ದರು.

ಬೂಸ್ಟರ್ ಬಿಚ್ಚಿದೆ, ಮಾಸ್ಟರ್ ಸಿಲಿಂಡರ್ ಬಿಚ್ಚಿದೆ, ನಾಲ್ಕು ಚಕ್ರಗಳ ಬ್ರೇಕನ್ನೂ ತೊಳೆದೆ. ಎಲ್ಲ ಸರಿಯಿತ್ತು. ಹೊಸ ಹೆಡ್‌ಲೈಟು ಹಾಕಿ, ಸರಳು ಜೋಡಿಸಿ ಒಬ್ಬನೇ ಓಡಿಸಿದರೆ ಕಾರು ಮಗುವಿನ ಹಾಗೆ ಹೇಳಿದ ಮಾತು ಕೇಳುತ್ತಿತ್ತು. ಧಣಿ ಇದ್ದಾಗ ಮಾತ್ರ ಅದಕ್ಕೆ ಹುಚ್ಚು ಹಿಡಿಯುತ್ತದೆ, ಅವರನ್ನು ಕಂಡರೆ ನನ್ನ ಹಾಗೇ ಅದಕ್ಕೂ ಆಗುವುದಿಲ್ಲ ಎಂದು ಒಬ್ಬನೇ ನಕ್ಕೆ. ಉತ್ತರ ನನ್ನ ಬಾಯಲ್ಲೇ ಬಂದಿತ್ತು, ನನಗೆ ತಿಳಿಯಲಿಲ್ಲ.

ಆರನೆಯ ದಿನ ಮಧ್ಯಾಹ್ನ ಧಣಿಯ ಹೆಂಡತಿ ಬಂದರು. ಹೈಸ್ಕೂಲಿನಲ್ಲಿ ಲೆಕ್ಕದ ಟೀಚರು. ಗಂಡ ಗಲ್ಫಿನಲ್ಲಿದ್ದಷ್ಟು ಕಾಲ ಅವರು ಊರಲ್ಲೇ ಪಾಠ ಮಾಡಿಕೊಂಡಿದ್ದವರು. ಮರುದಿನ ಬೆಳಿಗ್ಗೆ ಕಾಸರಗೋಡಿನಲ್ಲಿ ಕಾರಿನ ಪರೀಕ್ಷೆ ಎಂದು ತಿಳಿಸಲು ಬಂದದ್ದು. ಗಂಡ ನನ್ನ ಮುಖ ನೋಡುವುದಿಲ್ಲ ಎಂದು ಕೂತಿದ್ದರಂತೆ.

"ಒಂದು ಸಲ ಕೂರಿಸಿಕೊಂಡು ಹೋಗಿ. ನನಗೂ ನೋಡ್ಬೇಕು, ಇದು ಎಂತ ಭೂತ ಅಂತ" ಎಂದರು.

ಹೆದರುತ್ತಲೇ ಕರೆದುಕೊಂಡು ಹೋದೆ. ಉಪ್ಪಳ, ಅಲ್ಲಿಂದ ಪೈವಳಿಕೆಯ ಅದೇ ತಿರುವು, ಮರಳಿ ಬಂದ್ಯೋಡು. ಬಸ್ಸಿನ ಹಿಂದೆ ಹೋದೆ, ಜೀಪಿಗೆ ಎದುರಾದೆ. ಕಾರು ಒಮ್ಮೆಯೂ ತಾನಾಗಿ ನಿಲ್ಲಲಿಲ್ಲ.

ಟೀಚರ್ ಇಳಿಯುವ ಮೊದಲು ಕೇಳಿದರು: "ಇವರು ಕೂತಾಗ ಮಾತ್ರ ಆಗುದಾ?"

"ಹೌದು ಟೀಚರ್."

"ಇವರ ಕಾಲು ನೋಡಿದ್ದೀರಾ? ಯಾರ ಕಾರಲ್ಲಿ ಕೂತ್ರೂ ಎಡಗಡೆಯಿಂದ ಬ್ರೇಕು ಒತ್ತುದು. ಅಲ್ಲಿ ಇಪ್ಪತ್ತೈದು ವರ್ಷ ಆ ಬದಿಯಲ್ಲೇ ಕೂತು ಓಡಿಸಿದ್ದಲ್ವಾ. ನಮ್ಮ ಕಾರಿನ ಮ್ಯಾಟು ಒತ್ತಿ ಒತ್ತಿ ತೂತಾಗಿದೆ. ಬೈದೂ ಬೈದೂ ನನಗೆ ಸಾಕಾಯ್ತು."

ನಾನು ಆ ಬದಿಗೆ ಓಡಿ ಹೋಗಿ ಮಂಡಿಯೂರಿದೆ. ಎದುರಿನ ಕಪ್ಪು ಕಾರ್ಪೆಟ್ಟಿನ ಮೇಲೆ, ಸರಿಯಾಗಿ ಆ ಕೋಲು ಇರುವಲ್ಲಿ, ಬಿಳಿ ಶೂವಿನ ಬಣ್ಣ ಒರೆಸಿಕೊಂಡಿತ್ತು. ಕೈಯಲ್ಲಿ ಒತ್ತಿದೆ. ಆಚೆ ಬದಿಯಲ್ಲಿ ಬ್ರೇಕ್ ಪೆಡಲು ಯಾರೂ ಮುಟ್ಟದೆ ಕೆಳಗಿಳಿಯಿತು.

ಬಸ್ಸು ಕಂಡಾಗ ಧಣಿ ಬೆಚ್ಚಿ ಇಲ್ಲದ ಬ್ರೇಕನ್ನು ಒತ್ತಿದ್ದರು. ಗಲ್ಫಿನಿಂದ ಬಂದ ಯಾರನ್ನು ಕೂರಿಸಿದರೂ ಹಾಗೇ ಒತ್ತುತ್ತಿದ್ದರು, ನಾನೂ ಒತ್ತುತ್ತಿದ್ದೆ. ಆದರೆ ನಾನು ಇಲ್ಲದ ಬ್ರೇಕನ್ನು ಅಲ್ಲಿ ಇಟ್ಟುಕೊಟ್ಟಿದ್ದೆ. ಎಡಗಡೆ ಕೂರುವವನಿಗೂ ಕಾಲುಂಟು ಎಂಬುದು ನನಗೆ ಹೊಳೆದಿರಲಿಲ್ಲ. ಪೊರ್ಬು ಕತ್ತರಿಸುವ ಎಂದದ್ದನ್ನು ಬೇಡವೆಂದವನೂ ನಾನೇ.

ಸರಿ ಮಾಡಲು ಗರಗಸ ಸಾಕಾಗುತ್ತಿರಲಿಲ್ಲ. ಕೊಂಡಿ ಸಿಕ್ಕಿಸಿದ್ದು ಕೋಲಿನ ಕೆಳತುದಿಗೆ. ಮೇಲೆ ತೂತಿರುವ ದಪ್ಪ ತಗಡಿನ ಹೊಸ ಕಿವಿ ಬೆಸೆದು, ಕೊಂಡಿಯನ್ನು ಅಲ್ಲಿಗೆ ಎತ್ತಿ, ಆಮೇಲೆ ಕೆಳಗಿನದ್ದನ್ನು ಕತ್ತರಿಸಬೇಕು. ಬ್ರೇಕಿನ ಮೇಲಿನ ಬೆಸುಗೆಯನ್ನು ಸಿಕ್ಕಿದವರ ಕೈಯಲ್ಲಿ ಮಾಡಿಸುವ ಹಾಗಿಲ್ಲ. ಅದಕ್ಕೆ ಪೊರ್ಬುವೇ ಬೇಕಿತ್ತು.

ಸಂಜೆಯೊಳಗೆ ಅವರ ಮನೆಗೆ ಹೋದೆ. ಅಂಗಳದಲ್ಲಿ ಒಣಗಲು ಹಾಕಿದ ತೆಂಗಿನಕಾಯಿ ಹೋಳುಗಳನ್ನು ತಿರುವಿ ಹಾಕುತ್ತಿದ್ದರು. ನಾನು ನಿಂತೇ ಎಲ್ಲ ಹೇಳಿದೆ. ಅವರು ಕೈ ನಿಲ್ಲಿಸಲಿಲ್ಲ.

"ವೆಲ್ಡಿಂಗ್ ಸರಿ ಉಂಟು ಹೇಳಿ ನಿನಗೆ ಗೊತ್ತಾದ್ದು ಇವತ್ತಾ?"

ನಾನು ಸುಳ್ಳು ಹೇಳಬಹುದಿತ್ತು. "ಇಲ್ಲ. ನಾಲ್ಕು ದಿನ ಆಯ್ತು."

ಆಗ ಅವರು ತಲೆ ಎತ್ತಿದರು. "ನಾಲ್ಕು ದಿನ. ನನಗೆ ಮೂರು ವ್ಯಾನು ಹೋಯ್ತು. ಇಲ್ಲಿ ಬಂದು ತೆಂಗಿನಕಾಯಿಗೆ ಹೇಳಿದ್ರೆ ಎಂತ ಪ್ರಯೋಜನ? ಎಲ್ಲರೆದುರು ಹೇಳಿದ್ದಲ್ವಾ ನೀನು? ಇದನ್ನೂ ಎಲ್ಲರೆದುರು ಹೇಳು. ಆಮೇಲೆ ನೋಡುವ."

ಕುಳಿತುಕೊ ಎಂದೂ ಅನ್ನಲಿಲ್ಲ. ಬರುವಾಗ ಪುತ್ತಿಗೆಗೆ ಹೋಗಿ ಧಣಿಗೆ ವಿಷಯ ತಿಳಿಸಿದೆ. ತಮ್ಮ ಕಾಲಿನ ಸುದ್ದಿ ಕೇಳಿ ಅವರು ಮೊದಲು ಹೆಂಡತಿಯನ್ನು ದುರುಗುಟ್ಟಿ ನೋಡಿದರು. ಪರೀಕ್ಷೆ ಮುಂದೆ ಹಾಕುವ ಎಂದೆ.

"ತಲೆ ಸರಿ ಉಂಟಾ ನಿನಗೆ? ನಾಳೆ ತಪ್ಪಿದ್ರೆ ಮತ್ತೆ ಯಾವ ಕಾಲಕ್ಕೋ. ಎಡಗಡೆ ಯಾರೂ ಕೂರದಿದ್ರೆ ಆಯ್ತಲ್ಲ? ಪಾಸಾಗ್ಲಿ, ಆಮೇಲೆ ಏನು ಬೇಕಾದ್ರೂ ಕತ್ತರಿಸು. ನೀನು ಬಾಯಿ ಮುಚ್ಚಿಕೊಂಡು ನಿಂತ್ರೆ ಸಾಕು."

ನಾನು ಅಂಗಳ ಇಳಿದು ಬಂದೆ.

ಬೆಳಿಗ್ಗೆ ಕಾರನ್ನು ನಾನೇ ಓಡಿಸಿಕೊಂಡು ಹೋದೆ. ಎಡದ ಸೀಟು ಖಾಲಿ. ಪರೀಕ್ಷೆಯ ಮೈದಾನದಲ್ಲಿ ರಿಕ್ಷಾಗಳು, ಜೀಪುಗಳು, ಶಾಲಾ ವ್ಯಾನುಗಳು ಸಾಲಾಗಿ ನಿಂತಿದ್ದವು. ಪೊರ್ಬುವನ್ನು ಬಿಟ್ಟು ಹೋದ ಆ ವ್ಯಾನಿನವನೂ ಫಿಟ್‌ನೆಸ್ಸಿಗೆ ಬಂದಿದ್ದ. ನಮ್ಮ ಕಾರು ಕಂಡು ಜನ ಸುತ್ತ ಸೇರಿದರು. ಇನ್‌ಸ್ಪೆಕ್ಟರ್ ತೆಂಕಣ ಜಿಲ್ಲೆಯ ಕಡೆಯವರು, ಕಡಿಮೆ ಮಾತಿನವರು. ಸ್ಟೇರಿಂಗಿನ ದಂಡವನ್ನು ಮೂರು ಕೀಲುಗಳಲ್ಲೂ ಹಿಡಿದು ಅಲುಗಾಡಿಸಿದರು, ತಗಡು ಸರಿಸಿ ಕೊಳವೆಗೆ ಇರುವ ಅಂತರ ನೋಡಿದರು. ತಾವೇ ಓಡಿಸಿಕೊಂಡು ಮೈದಾನಕ್ಕೆ ಎರಡು ಸುತ್ತು ಹಾಕಿ, ಬ್ರೇಕು ಒತ್ತಿ ನಿಲ್ಲಿಸಿ ಇಳಿದರು.

"ಕೊಳ್ಳಾಂ. ಒಳ್ಳೆ ಕೆಲಸ" ಎಂದು ಪೆನ್ನು ತೆಗೆದರು.

ಧಣಿ ನನ್ನ ಹಿಂದೆಯೇ ನಿಂತಿದ್ದರು. ಆ ಹೊಗಳಿಕೆ ನನಗೆ ಎಷ್ಟು ಬೇಕಾಗಿತ್ತೆಂದರೆ, ಸುಮ್ಮನಿದ್ದುಬಿಡುವ ಆಸೆ ಬಲವಾಗಿಯೇ ಬಂತು. ವ್ಯಾನಿನವನು ಕಣ್ಣಿಗೆ ಬಿದ್ದ. ಸುಮ್ಮನಿದ್ದರೆ ಅವನು ಮತ್ತೆಂದೂ ಪೊರ್ಬುವಿನ ಹತ್ತಿರ ಹೋಗುವುದಿಲ್ಲ, ಇದೂ ನನಗೆ ಗೊತ್ತಿತ್ತು.

"ಪಾಸ್ ಮಾಡ್ಬೇಡಿ ಸಾರ್" ಎಂದೆ.

"ಏಯ್!" ಎಂದು ಧಣಿ ನನ್ನ ತೋಳು ಹಿಡಿದರು. ಕೊಸರಿಕೊಂಡು ಎಡಗಡೆಯ ಬಾಗಿಲು ತೆರೆದೆ. ಇನ್‌ಸ್ಪೆಕ್ಟರನ್ನು ಕಾರಿನ ಹಿಂದೆ ನಿಲ್ಲಲು ಹೇಳಿ, ಮಂಡಿಯೂರಿ, ಕಾರ್ಪೆಟ್ಟನ್ನು ಅಂಗೈಯಲ್ಲಿ ಒತ್ತಿದೆ. ಹಿಂದಿನ ಕೆಂಪು ದೀಪಗಳು ಹೊತ್ತಿಕೊಂಡವು. ಬಿಟ್ಟೆ, ಆರಿದವು. ಮತ್ತೆ ಒತ್ತಿದೆ. ಸುತ್ತ ನಿಂತವರಲ್ಲಿ ಒಬ್ಬಿಬ್ಬರು ನಕ್ಕರು.

ನಾನು ಎದ್ದು ನಿಂತು ಗಟ್ಟಿಯಾಗಿಯೇ ಹೇಳಿದೆ: "ಇಲ್ಲಿ ಹಳೇ ಪೆಡಲಿನ ಕೋಲು ಉಂಟು. ಕೂತವರ ಕಾಲು ತಾಗಿದ್ರೆ ಬ್ರೇಕು ಬೀಳ್ತದೆ. ಇದನ್ನು ಕತ್ತರಿಸುವ ಹೇಳಿದ್ದು ಪೈವಳಿಕೆಯ ಪೊರ್ಬು. ಬೇಡ ಹೇಳಿದ್ದು ನಾನು. ಆಮೇಲೆ ಅವರ ವೆಲ್ಡಿಂಗ್ ಬಿಟ್ಟಿದೆ ಹೇಳಿ ಊರಿಡೀ ಹೇಳಿದ್ದೂ ನಾನೇ. ವೆಲ್ಡಿಂಗ್ ಎಲ್ಲಿಯೂ ಬಿಟ್ಟಿಲ್ಲ. ನಾನು ಸುಳ್ಳು ಹೇಳಿದೆ."

ವ್ಯಾನಿನವನು ಮುಂದೆ ಬಂದ. "ಬಿಟ್ಟಿಲ್ವಾ?"

"ಇಲ್ಲ ಮಾರಾಯ. ಸೀಮೆಎಣ್ಣೆ ಹಾಕಿ ನೋಡಿದ್ದೇನೆ."

ಇನ್‌ಸ್ಪೆಕ್ಟರ್ ತಾವೂ ಒಮ್ಮೆ ಕಾರ್ಪೆಟ್ ಒತ್ತಿ ನೋಡಿ, ಒಂದು ಸಾಲು ಬರೆದು, ಕಾಗದವನ್ನು ಧಣಿಯ ಕೈಗೆ ಕೊಟ್ಟು ಮುಂದಿನ ರಿಕ್ಷಾದ ಕಡೆ ನಡೆದರು. ಸರಿ ಮಾಡಿ ಮತ್ತೆ ತರಬೇಕು ಎಂದಷ್ಟೇ ಬರೆದಿದ್ದರು. ಧಣಿ ಅಲ್ಲೇ ನನಗೆ ಬಾಯಿಗೆ ಬಂದದ್ದನ್ನೆಲ್ಲ ಅಂದರು. ದ್ರೋಹಿ ಎಂದರು, ಹುಚ್ಚ ಎಂದರು, ನನ್ನ ಶೆಡ್ಡಿನ ಬಾಗಿಲು ಹಾಕಿಸುತ್ತೇನೆ ಎಂದರು. ನಾನೂ ಸುಮ್ಮನಿರಲಿಲ್ಲ. ಆ ಕುರ್ಚಿಯ ಮೇಲಿನ ಕೋಪವನ್ನೆಲ್ಲ ಅಂದೇ ತೀರಿಸಿಕೊಂಡೆ. ಕೊನೆಗೆ ಇಬ್ಬರಿಗೂ ಗಂಟಲು ಸೋತಿತು. ಬಲಗಡೆ ಸ್ಟೇರಿಂಗಿನ ಆ ಕಾರನ್ನು ಓಡಿಸಿಕೊಂಡು ಹೋಗಲು ಅವರಿಗೆ ಧೈರ್ಯ ಬರಲಿಲ್ಲ. ನಾನೇ ತಂದು ಶೆಡ್ಡಿನಲ್ಲಿ ನಿಲ್ಲಿಸಿದೆ.

ಬಂದ್ಯೋಡಿಗೆ ಬಂದ ಮೇಲೆ ಚಹಾದ ಅಂಗಡಿಯಲ್ಲೂ ನಿಂತು ಅದನ್ನೇ ಹೇಳಿದೆ. ಎರಡನೆಯ ಸಲ ಹೇಳುವುದು ಮೊದಲಿಗಿಂತ ಕಷ್ಟವಾಯಿತು. ಅಲ್ಲಿದ್ದವರೆಲ್ಲ ನನ್ನ ಪರಿಚಯದವರು.

ಮರುದಿನ ಒಂಬತ್ತು ಗಂಟೆಗೆ ಪೊರ್ಬು ಬಸ್ಸಿನಿಂದ ಇಳಿದರು. ಹಿಂದಿನ ಸಂಜೆ ವ್ಯಾನಿನವನು ಅವರ ಮನೆಗೆ ಹೋಗಿದ್ದನಂತೆ. ಇದನ್ನು ಅವರು ನನಗೆ ಹೇಳಲಿಲ್ಲ, ಚಹಾದ ಅಂಗಡಿಯವನು ಹೇಳಿದ್ದು. ಎಡಗಡೆಯ ಕಾರ್ಪೆಟ್ಟು ಕಿತ್ತರು, ಕೋಲು ಹೊರತೆಗೆದರು, ಎಲ್ಲಿ ಎಂದು ನನ್ನನ್ನು ಕೇಳದೆ ತಾವೇ ಗುರುತು ಹಾಕಿ ಮೇಲೆ ಕಿವಿ ಬೆಸೆದರು. ಕೆಳಗಿನ ಅರ್ಧ ಅಡಿಯನ್ನು ಕತ್ತರಿಸಿದರು. ಅಷ್ಟೂ ಸಾಲದೆಂದು ದಪ್ಪ ತಗಡನ್ನು ಪೆಟ್ಟಿಗೆಯ ಹಾಗೆ ಮಡಚಿ ಕೋಲಿನ ಮೇಲೆ ಕೂರಿಸಿದರು. ಇನ್ನು ಆನೆಯ ಕಾಲು ಒತ್ತಿದರೂ ಬ್ರೇಕು ಬೀಳುವ ಹಾಗಿರಲಿಲ್ಲ. ಬ್ರೇಕು ಮೊದಲಿಗಿಂತ ಸ್ವಲ್ಪ ಗಟ್ಟಿಯಾಯಿತು, ಅಷ್ಟೇ. ನನ್ನ ಆ ಲೆಕ್ಕ ಬೇಕಾಗಿಯೇ ಇರಲಿಲ್ಲ.

"ಓಡಿಸಿ ನೋಡ್ತೇನೆ. ಬರ್ತೀರಾ?" ಎಂದೆ.

ಬರಲಾರರು ಎಂದುಕೊಂಡಿದ್ದೆ. ಅವರು ಕೈ ತೊಳೆದು ಬಂದು ಎಡಗಡೆಯ ಸೀಟಿನಲ್ಲಿ ಕೂತರು. ಕೂತವರು ಚಪ್ಪಲಿ ಕಳಚಿ, ಎರಡೂ ಕಾಲುಗಳನ್ನು ಸೀಟಿನ ಮೇಲಕ್ಕೆ ಎತ್ತಿ ಚಕ್ಕಳಮಕ್ಕಳ ಹಾಕಿಕೊಂಡರು. ಆ ಇಕ್ಕಟ್ಟಿನ ರೇಸಿನ ಸೀಟಿನಲ್ಲಿ ಅವರ ಮಂಡಿ ಬಾಗಿಲಿಗೆ ಒತ್ತುತ್ತಿತ್ತು. ಅರ್ಧ ದಾರಿಯವರೆಗೆ ನಾನು ತಡೆದುಕೊಂಡೆ.

"ಕಾಲು ಕೆಳಗೆ ಬಿಡಿ ಪೊರ್ಬುಗಳೇ. ಅಲ್ಲಿ ಈಗ ಎಂತದೂ ಇಲ್ಲ. ನೀವೇ ಮುಚ್ಚಿದ್ದಲ್ವಾ?"

"ಮುಚ್ಚಿದ್ದು ನಾನು. ಅದು ಗೊತ್ತುಂಟು" ಎಂದರು ಅವರು, ಎದುರಿನ ರಸ್ತೆಯನ್ನೇ ನೋಡುತ್ತ. "ಓಡಿಸುವವನು ನೀನಲ್ವಾ."

ಉಪ್ಪಳದಿಂದ ಮರಳಿ ಬಂದ್ಯೋಡಿಗೆ ಬಂದು ಶೆಡ್ಡಿನ ಮುಂದೆ ನಿಲ್ಲಿಸುವವರೆಗೂ ಅವರು ಕಾಲು ಇಳಿಸಲಿಲ್ಲ.